ಮನೆಯ ಅಂದ ಕೆಡದ ಹಾಗೆ ಸೋಲಾರ್ ಹಾಕಿಸೋದು ಹೇಗೆ?

"ಕರೆಂಟ್ ಬಿಲ್ ಇಳಿಯಬೇಕು, ಆದರೆ ತಾರಸಿ ಮೇಲೆ ಕಬ್ಬಿಣದ ಚಪ್ಪರ ಎದ್ದು ನಿಲ್ಲಬಾರದು. ದಾರಿ ಇದೆಯಾ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಬೆಂಗಳೂರಿನ 30x40 ಸೈಟಿನವರೂ ಕೇಳುತ್ತಾರೆ, ಹಂಚಿನ ಮನೆ ಇರುವ ಕರಾವಳಿ, ಮಲೆನಾಡಿನವರೂ ಕೇಳುತ್ತಾರೆ. ಹೆಚ್ಚಿನವರು ಕೇಳುವಾಗಲೇ ಸೋಲಾರ್ ಹಂಚಿನ, ಅಂದರೆ ತಾನೇ ಕರೆಂಟ್ ಮಾಡುವ ಹಂಚಿನ, ವಿಡಿಯೋ ನೋಡಿರುತ್ತಾರೆ, ಅದರ ಬೆಲೆ ಕೇಳಿ ಬೆಚ್ಚಿಯೂ ಬಿದ್ದಿರುತ್ತಾರೆ.

ದಾರಿ ಇದೆ, ಅದಕ್ಕೆ ದುಬಾರಿ ಹಂಚು ಬೇಕಾಗಿಯೂ ಇಲ್ಲ. ಮಾಮೂಲಿ ಪ್ಯಾನೆಲ್‌ಗಳನ್ನೇ ತಗ್ಗಿಸಿ, ಒಳಗೆ ಸರಿಸಿ ಕೂರಿಸಿದರೆ ರಸ್ತೆಯಲ್ಲಿ ನಿಂತವರ ಕಣ್ಣಿಗೆ ಬೀಳುವುದಿಲ್ಲ. ಇದು ನಮ್ಮಲ್ಲಿ ಸಾಧ್ಯ ಆಗೋದು ಸೂರ್ಯನ ಕೃಪೆಯಿಂದ. ಕರ್ನಾಟಕ ಸಮಭಾಜಕ ವೃತ್ತಕ್ಕೆ ಹತ್ತಿರ. ಬೆಂಗಳೂರು 13 ಡಿಗ್ರಿ ಉತ್ತರದಲ್ಲಿದೆ, ಬೀದರ್ 18ರ ಹತ್ತಿರ. ಪ್ಯಾನೆಲ್ಲನ್ನು ಹೆಚ್ಚು ಕಡಿಮೆ ಆ ಊರಿನ ಅಕ್ಷಾಂಶದಷ್ಟೇ ದಕ್ಷಿಣಕ್ಕೆ ಓರೆ ಮಾಡಿದರೆ ವರ್ಷಕ್ಕೆ ಒಳ್ಳೆಯ ಇಳುವರಿ. ಜರ್ಮನಿಯಲ್ಲಿ 30 ಡಿಗ್ರಿ, ಅದಕ್ಕಿಂತ ಜಾಸ್ತಿ ಓರೆ ಬೇಕು. ನಮಗೆ 10 ಸಾಕು. ಏಪ್ರಿಲ್ ಕೊನೆಯಲ್ಲಿ, ಮತ್ತೆ ಆಗಸ್ಟ್ ಮಧ್ಯದಲ್ಲಿ ಬೆಂಗಳೂರಲ್ಲಿ "ನೆರಳಿಲ್ಲದ ದಿನ" ಬರುತ್ತದಲ್ಲ, ಅಷ್ಟು ನೆತ್ತಿಯ ಮೇಲೆ ಬರುವ ಸೂರ್ಯ ನಮ್ಮವನು. ಅವನಿಗಾಗಿ ಪ್ಯಾನೆಲ್ಲನ್ನು ಎದ್ದು ನಿಲ್ಲಿಸುವ ಅಗತ್ಯ ಇಲ್ಲ.

ಇಷ್ಟು ತಲೆಯಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಹಂತ 1: ಎಷ್ಟು ಬೇಕು ಅಂತ ಲೆಕ್ಕ ಹಾಕಿ

ಒಂದು ವರ್ಷದ ಬಿಲ್‌ಗಳನ್ನು ತೆಗೆದು ತಿಂಗಳ ಸರಾಸರಿ ಯೂನಿಟ್ ನೋಡಿ. ಅದನ್ನು 120ರಿಂದ ಭಾಗಿಸಿ. ಬಂದ ಸಂಖ್ಯೆಯೇ ನಿಮಗೆ ಬೇಕಾದ ಕಿಲೋವ್ಯಾಟ್. ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ ಅನ್ನೋ ಅಂದಾಜಿನ ಲೆಕ್ಕ ಇದು. ತಿಂಗಳಿಗೆ 360 ಯೂನಿಟ್ ಉರಿಸುವ ಮನೆಗೆ 3 ಕಿಲೋವ್ಯಾಟ್ ಸಾಕು. ಅಂದರೆ ಈಗ ಸಿಗುವ 540 ವ್ಯಾಟ್‌ನ ದೊಡ್ಡ ಪ್ಯಾನೆಲ್ ಆರು. ಒಂದೊಂದೂ ಸುಮಾರು ಏಳೂವರೆ ಅಡಿ ಉದ್ದ, ಮೂರು ಮುಕ್ಕಾಲು ಅಡಿ ಅಗಲ, 28 ಕಿಲೋ ತೂಕ. ಓಡಾಡುವ ಜಾಗ ಸೇರಿ 300 ಚದರಡಿ ಎತ್ತಿಡಿ.

ಅಂದಕ್ಕೂ ಈ ಲೆಕ್ಕಕ್ಕೂ ಸಂಬಂಧ ಇದೆ. ಬೇಕಾದ್ದಕ್ಕಿಂತ ಜಾಸ್ತಿ ಹಾಕಿಸಿದರೆ ಅವನ್ನು ಮರೆಮಾಡೋಕೆ ಜಾಗ ಸಾಲೋದಿಲ್ಲ.

ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತಿರುವವರು ಇಲ್ಲೇ ಸ್ವಲ್ಪ ನಿಲ್ಲಿ. ಬಿಲ್ಲೇ ಇಲ್ಲದ ಕಡೆ ಉಳಿಸೋಕೆ ಏನಿರುತ್ತೆ? ಎಲೆಕ್ಟ್ರಿಕ್ ಕಾರು, ಎಸಿ ಬರುವ ಯೋಚನೆ ಇದ್ದರೆ ಮಾತು ಬೇರೆ. ಆಗಲೂ ಮೊದಲು ನಿಮ್ಮ ಸಬ್‌ಡಿವಿಷನ್ ಕಚೇರಿಗೆ ಹೋಗಿ, ಸೋಲಾರ್ ಸಂಪರ್ಕ ಆದ ಮೇಲೆ ನಿಮ್ಮ ಬಿಲ್ ಹೇಗೆ ಬರುತ್ತದೆ ಅಂತ ಕೇಳಿಕೊಂಡು ಬನ್ನಿ.

ಹಂತ 2: ಒಬ್ಬರು ಮೇಲೆ, ಒಬ್ಬರು ರಸ್ತೆಯಲ್ಲಿ

ತಾರಸಿ ಮನೆಯವರಿಗೆ ಇದು. ಮನೆಯವರಲ್ಲಿ ಒಬ್ಬರನ್ನು ಉದ್ದದ ಪೊರಕೆ ಕೊಟ್ಟು ಮೇಲೆ ಕಳಿಸಿ. ನೀವು ಎದುರು ಮನೆ ಗೇಟಿನ ಹತ್ತಿರ ನಿಲ್ಲಿ. ಮೇಲಿರುವವರು ಪ್ಯಾರಪೆಟ್ ಗೋಡೆಯಿಂದ ಮೂರು ಅಡಿ ಒಳಗೆ ನಿಂತು ಪೊರಕೆಯನ್ನು ನೆಲದಿಂದ ನಿಧಾನಕ್ಕೆ ಎತ್ತುತ್ತಾ ಹೋಗಲಿ. ಅದರ ತುದಿ ನಿಮಗೆ ಕಂಡ ಕೂಡಲೇ ಕೂಗಿ. ನೆಲದಿಂದ ಆ ತುದಿಯವರೆಗಿನ ಎತ್ತರವೇ ನಿಮ್ಮ ಮಿತಿ. ಹೀಗೆ ಎರಡು ಮೂರು ಕಡೆ ಅಳೆದು ಬರೆದಿಡಿ.

ಫಲಿತಾಂಶ ನೋಡಿದರೆ ಖುಷಿ ಆಗುತ್ತೆ. ಒಂದಂತಸ್ತಿನ ಮೇಲೆ ಇನ್ನೊಂದಂತಸ್ತು ಇರುವ ಮನೆ, 3 ಅಡಿ ಗೋಡೆ, 30 ಅಡಿ ದೂರದಲ್ಲಿ ನಿಂತ ನೀವು. ಇಷ್ಟಿದ್ದರೆ ಮೂರು ಅಡಿ ಒಳಗಿರುವ ವಸ್ತು ಗೋಡೆಗಿಂತ ಒಂದೂವರೆ ಅಡಿ ಮೇಲೆದ್ದಿದ್ದರೂ ಕಾಣೋದಿಲ್ಲ.

ಈಗ ಪ್ಯಾನೆಲ್ ಎಷ್ಟು ಏಳುತ್ತದೆ ನೋಡೋಣ. ಏಳೂವರೆ ಅಡಿಯ ಪ್ಯಾನೆಲ್ಲನ್ನು ಉದ್ದಕ್ಕೆ 10 ಡಿಗ್ರಿ ಓರೆ ಮಾಡಿದರೆ ಹಿಂಬದಿ ಮುಂಬದಿಗಿಂತ ಒಂದು ಅಡಿ ನಾಲ್ಕು ಇಂಚಿನಷ್ಟು ಮೇಲಿರುತ್ತದೆ. ಮುಂಬದಿಯನ್ನು ನೆಲದಿಂದ ಅರ್ಧ ಅಡಿ ಎತ್ತಿದರೂ ಒಟ್ಟು ಎರಡಡಿ ಒಳಗೇ. ಅಡ್ಡಡ್ಡ ಮಲಗಿಸಿದರೆ ಏರಿಕೆ ಬರೀ ಎಂಟು ಇಂಚು. ಗೋಡೆಯ ಹಿಂದೆ ಸುಮ್ನೆ ಕೂತಿರುತ್ತದೆ.

ಹಾಗಾದರೆ ಎಲ್ಲರ ಮನೆ ಮೇಲೂ ಎಂಟು ಹತ್ತು ಅಡಿಯ ಕಂಬ ಯಾಕೆ? ಕೆಳಗೆ ಬಟ್ಟೆ ಒಣಗಿಸಬಹುದು, ಸಂಜೆ ಕೂರಬಹುದು, ನೆರಳಿನ ಕಾಟ ಕಡಿಮೆ. ನಿಜವಾದ ಅನುಕೂಲಗಳೇ. ಆದರೆ ಕಬ್ಬಿಣದ ಖರ್ಚು ಜಾಸ್ತಿ, ಗಾಳಿ ಹೊಡೆತ ಜಾಸ್ತಿ, ಮನೆಯ ಮುಖ ಪೂರ್ತಿ ಬದಲಾಗುತ್ತದೆ. ತಾರಸಿ ಬಳಕೆ ಬಿಡೋಕಾಗಲ್ಲ ಅನ್ನುವವರು ಎತ್ತರದ್ದನ್ನೇ ಹಾಕಿಸಿ, ಮನೆಯ ಹಿಂಭಾಗಕ್ಕೆ ಸರಿಸಿ. ಉಳಿದವರು ಏಜೆಂಟರು "ಎಲ್ಲರೂ ಹೀಗೇ ಹಾಕಿಸ್ತಾರೆ ಸಾರ್" ಅಂದ ಮಾತ್ರಕ್ಕೆ ಒಪ್ಪಬೇಡಿ.

ಹಂತ 3: ಸೀಮೆಸುಣ್ಣ ಹಿಡಿದು ನೆರಳು ಬರೆಯಿರಿ

ತಗ್ಗಿಸಿ ಕೂರಿಸೋದರ ದೊಡ್ಡ ತೊಂದರೆ ನೆರಳು. ರಸ್ತೆಯಿಂದ ಪ್ಯಾನೆಲ್ಲನ್ನು ಮರೆಮಾಡುವ ಗೋಡೆಯೇ ಬಿಸಿಲನ್ನೂ ತಡೆಯುತ್ತದೆ.

ಪ್ಯಾನೆಲ್‌ಗಳನ್ನು ಸಾಮಾನ್ಯವಾಗಿ ಸಾಲಾಗಿ ಒಂದಕ್ಕೊಂದು ಜೋಡಿಸಿರುತ್ತಾರೆ. ಇದಕ್ಕೆ ಸ್ಟ್ರಿಂಗ್ ಅನ್ನುತ್ತಾರೆ. ಒಂದರ ಮೇಲೆ ನೆರಳು ಬಿದ್ದರೆ ಸಾಲಿನ ಒಟ್ಟು ಇಳುವರಿಯೇ ಕುಗ್ಗುತ್ತದೆ, ಒಂದೇ ಪೈಪಿಗೆ ಎಲ್ಲೋ ಒಂದು ಕಡೆ ಕಲ್ಲು ಸಿಕ್ಕಿಕೊಂಡ ಹಾಗೆ. ಪ್ಯಾನೆಲ್ ಒಳಗೆ ಬೈಪಾಸ್ ಡಯೋಡ್ ಅಂತ ಇರುತ್ತದೆ. ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟು ಬಳಸಿ ಹೋಗಲು ದಾರಿ ಅದು. ನಷ್ಟ ತಗ್ಗಿಸುತ್ತದೆ, ಪೂರ್ತಿ ತಪ್ಪಿಸುವುದಿಲ್ಲ.

ಡಿಸೆಂಬರ್‌ನಲ್ಲಿ ನೆರಳು ಅತಿ ಉದ್ದ. ಆ ತಿಂಗಳ ಯಾವುದಾದರೂ ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ ತಾರಸಿಗೆ ಹೋಗಿ. ಗೋಡೆ, ಸಿಂಟೆಕ್ಸ್ ಟ್ಯಾಂಕ್, ಮೆಟ್ಟಿಲ ಕೋಣೆ, ಬಿಸಿನೀರಿನ ಸೋಲಾರ್, ಡಿಶ್, ಹೀಗೆ ಯಾವ್ಯಾವುದರ ನೆರಳು ಎಲ್ಲಿ ಬಿದ್ದಿದೆಯೋ ಅದರ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮಧ್ಯಾಹ್ನ ಹನ್ನೆರಡೂವರೆಗೆ ಒಮ್ಮೆ, ಸಂಜೆ ಮೂರೂವರೆಗೆ ಒಮ್ಮೆ. ಮೂರು ಸಲವೂ ಗೆರೆಯ ಹೊರಗೆ ಉಳಿದ ನೆಲ ನಿಮ್ಮ ಪ್ಯಾನೆಲ್‌ನ ಜಾಗ. ಡಿಸೆಂಬರ್‌ವರೆಗೆ ಕಾಯೋಕೆ ಆಗದಿದ್ದರೆ ಸರಳ ಲೆಕ್ಕ: ದಕ್ಷಿಣ, ಪೂರ್ವ, ಪಶ್ಚಿಮದ ಗೋಡೆಗಳಿಂದ ಆ ಗೋಡೆಯ ಎತ್ತರದಷ್ಟೇ ದೂರ ಬಿಡಿ, ಅದರ ಮೇಲೆ ಅರ್ಧ ಅಡಿ ಸೇರಿಸಿ. ಮೂರಡಿ ಗೋಡೆಗೆ ಮೂರೂವರೆ ಅಡಿ. ಉತ್ತರದ ಗೋಡೆಗೆ ಓಡಾಡುವಷ್ಟು ಬಿಟ್ಟರೆ ಸಾಕು. ಸಾಲು ಸಾಲಿನ ನಡುವೆ ಎರಡು ಅಡಿ.

ಪಕ್ಕದ ಖಾಲಿ ಸೈಟನ್ನೂ ನೋಡಿ. ದಕ್ಷಿಣಕ್ಕೆ ಖಾಲಿ ಇದ್ದರೆ ನಾಳೆ ಅಲ್ಲಿ ನಾಲ್ಕು ಅಂತಸ್ತು ಏಳಬಹುದು. ಪ್ಯಾನೆಲ್ಲಿನ ಆಯಸ್ಸು 25 ವರ್ಷ, ಸೈಟು ಅಷ್ಟು ವರ್ಷ ಖಾಲಿ ಇರುತ್ತಾ? ಅಂಥ ಕಡೆ, ಅಥವಾ ಮರದ ನೆರಳು ತಪ್ಪಿಸಲಾಗದ ಕಡೆ, ಮೈಕ್ರೋ ಇನ್ವರ್ಟರ್ ಅಥವಾ ಆಪ್ಟಿಮೈಜರ್ ಕೇಳಿ. ಒಂದೊಂದು ಪ್ಯಾನೆಲ್ಲೂ ಅದರ ಪಾಡಿಗೆ ದುಡಿಯುವ ಹಾಗೆ ಮಾಡುವ ಪುಟ್ಟ ಪೆಟ್ಟಿಗೆಗಳು ಇವು. ಬೆಲೆ ಜಾಸ್ತಿ. ನೆರಳೇ ಇಲ್ಲದವರು ಇದಕ್ಕೆ ದುಡ್ಡು ಸುರಿಯಬೇಡಿ.

ಹಂತ 4: ನಿಮ್ಮ ಚಾವಣಿಗೆ ಹೊಂದುವ ವಿಧಾನ

ತಾರಸಿ. ಮೊದಲು ವಾಟರ್‌ಪ್ರೂಫಿಂಗ್ ಮುಗಿಸಿ, ಒಂದು ಮಳೆಗಾಲ ನೋಡಿ. ಆಮೇಲೆ ಪ್ಯಾನೆಲ್. ತಗ್ಗಿನ ಸ್ಟ್ರಕ್ಚರ್‌ಗೆ ತಾರಸಿಯನ್ನು ಕೊರೆಯಲೇಬೇಕು ಅಂತಿಲ್ಲ. ಕಾಂಕ್ರೀಟ್ ದಿಂಡುಗಳ ಮೇಲೆ ಕಾಲುಗಳನ್ನು ಕೂರಿಸಬಹುದು, ಅವುಗಳ ತೂಕವೇ ಹಿಡಿದಿಡುತ್ತದೆ. ಎಷ್ಟು ತೂಕ ಬೇಕು ಅನ್ನೋದು ನಿಮ್ಮೂರಿನ ಗಾಳಿ, ಕಟ್ಟಡದ ಎತ್ತರ ನೋಡಿ ಎಂಜಿನಿಯರ್ ಹೇಳಬೇಕು. ಕಣ್ಣಳತೆಯಲ್ಲಿ ಮೇಸ್ತ್ರಿ ಹೇಳಿದ್ದು ಆಗೋದಿಲ್ಲ. ದಿಂಡುಗಳು ನೀರು ಹರಿಯುವ ದಾರಿಗೆ ಅಡ್ಡ ಬರಬಾರದು.

ಪೂರ್ತಿ ಸಪಾಟಾಗಿ ಮಲಗಿಸಿಬಿಡೋಣ ಅಂತ ಕೆಲವರಿಗೆ ಆಸೆ. ಬಿಸಿಲಿನ ಲೆಕ್ಕದಲ್ಲಿ ನಷ್ಟ ಸಣ್ಣದು, ನೂರಕ್ಕೆ ಎರಡು ಮೂರು. ಆದರೆ ಓರೆ ಇಲ್ಲದಿದ್ದರೆ ಮಳೆನೀರು ಕೆಳಗಿನ ಫ್ರೇಮಿನ ಅಂಚಲ್ಲಿ ನಿಂತು, ದೂಳು ಕೆಸರಾಗಿ ಒಣಗಿ, ಪಟ್ಟಿ ಕಟ್ಟುತ್ತದೆ. 5 ಡಿಗ್ರಿಗಿಂತ ಇಳಿಯಬೇಡಿ.

ಹಂಚಿನ ಮನೆ. ಇಲ್ಲಿ ಪ್ಯಾನೆಲ್ ಪೂರ್ತಿ ಕಾಣದ ಹಾಗೆ ಮಾಡಲಾಗದು. ಚಾವಣಿಯ ಇಳಿಜಾರಿಗೇ ಸಮಾನಾಂತರವಾಗಿ, ಅದರದ್ದೇ ಭಾಗ ಅನ್ನಿಸುವ ಹಾಗೆ ಕೂರಿಸಬೇಕು. ಎಲ್ಲಕ್ಕಿಂತ ಜಾಸ್ತಿ ತಪ್ಪು ಆಗೋದೂ ಇಲ್ಲೇ.

ಮಂಗಳೂರು ಹಂಚು ಭಾರ ಹೊರುವ ವಸ್ತು ಅಲ್ಲ. ಅದನ್ನು ತೂತು ಮಾಡಿ ಬೋಲ್ಟ್ ಹಾಕಿದರೆ ಒಂದೋ ಅವತ್ತೇ ಒಡೆಯುತ್ತದೆ, ಇಲ್ಲಾ ಮೊದಲ ಆಷಾಢದಲ್ಲಿ ಸೋರುತ್ತದೆ. ಸರಿಯಾದ ಕ್ರಮ ಹೀಗೆ: ಬೇಕಾದ ಜಾಗದಲ್ಲಿ ಹಂಚನ್ನು ಮೇಲಕ್ಕೆ ಸರಿಸಿ, ಕೆಳಗಿನ ಪಕ್ಕಾಸಿಗೆ, ಅಂದರೆ ಇಳಿಜಾರಿನುದ್ದಕ್ಕೂ ಇರುವ ಮರದ ತೊಲೆಗೆ, ಕೊಕ್ಕೆಯಂಥ ಸ್ಟೀಲ್ ಬ್ರಾಕೆಟ್ ಬಿಗಿಯಬೇಕು. ಪಕ್ಕಾಸಿಗೇ ಬಿಗಿಯಬೇಕು, ರೀಪಿಗೆ ಅಲ್ಲ. ರೀಪು ಹಂಚನ್ನು ಹೊರುವಷ್ಟಕ್ಕೇ ಇರೋದು. ಬ್ರಾಕೆಟ್ಟಿನ ಕತ್ತು ಎರಡು ಹಂಚುಗಳ ಸಂದಿಯಿಂದ ಹೊರಗೆ ಬರುತ್ತದೆ. ಸರಿಸಿದ ಹಂಚನ್ನು ಮತ್ತೆ ಅದರ ಜಾಗಕ್ಕೆ ಎಳೆದರೆ ಕೊಕ್ಕೆಯ ತುದಿ ಮಾತ್ರ ಕಾಣಬೇಕು. ಹಂಚು ಸರಿಯಾಗಿ ಕೂರದೆ ಮೇಲೆದ್ದರೆ ಅದರ ಅಡಿಬದಿಯನ್ನು ಸ್ವಲ್ಪ ಉಜ್ಜಿ ಜಾಗ ಮಾಡುತ್ತಾರೆ. ಹಾಗೆ ಮಾಡದೆ ಸಿಮೆಂಟ್ ಮೆತ್ತಿದರೆ ಕೆಲಸ ನಿಲ್ಲಿಸಿ. ಕೊಕ್ಕೆಗಳ ಮೇಲೆ ಅಲ್ಯೂಮಿನಿಯಂ ರೈಲು, ರೈಲಿನ ಮೇಲೆ ಪ್ಯಾನೆಲ್.

ರೈಲು ಸೇರಿ ಚದರ ಮೀಟರಿಗೆ ಸುಮಾರು 14 ಕಿಲೋ ಹೆಚ್ಚುವರಿ ಭಾರ ಬೀಳುತ್ತದೆ. ಗಟ್ಟಿ ಮೋಪಿಗೆ ಇದು ಕಷ್ಟ ಅಲ್ಲ. ಗೆದ್ದಲು ತಿಂದ ಪಕ್ಕಾಸಿಗೆ ಕಷ್ಟ. ಕೆಲಸಕ್ಕೆ ಮುಂಚೆ ಆಚಾರಿಯನ್ನು ಅಟ್ಟಕ್ಕೆ ಹತ್ತಿಸಿ, ಪಕ್ಕಾಸುಗಳನ್ನು ಒಂದೊಂದಾಗಿ ಕುಟ್ಟಿ ನೋಡಿಸಿ. ಬದಲಿಸೋದಿದ್ದರೆ ಈಗಲೇ. ಐವತ್ತು ಅರವತ್ತು ಹಂಚನ್ನು ಹೆಚ್ಚಿಗೆ ತಂದಿಟ್ಟುಕೊಳ್ಳಿ. ಹಳೆ ಹಂಚಿನ ಅಳತೆಗೆ ಹೊಸದು ಕೂರದಿದ್ದರೆ ಫಜೀತಿ.

ಯಾವ ಇಳಿಜಾರಿಗೆ ಹಾಕೋದು? ದಕ್ಷಿಣ ಮೊದಲು. ಪೂರ್ವ, ಪಶ್ಚಿಮ ಆದರೂ ಅಡ್ಡಿಯಿಲ್ಲ, ಇಳುವರಿ ನೂರಕ್ಕೆ ಹತ್ತರ ಆಸುಪಾಸು ಇಳಿಯಬಹುದು. ಉತ್ತರದ ಕಡಿದಾದ ಇಳಿಜಾರು ಬೇಡವೇ ಬೇಡ. ಬೇಸಿಗೆಯ ಕೊನೆಗೆ ಸೂರ್ಯ ಉತ್ತರಕ್ಕೆ ವಾಲುತ್ತಾನಲ್ಲ, ಆಗ ಸಿಗುತ್ತೆ ಅನ್ನುತ್ತಾರೆ ಕೆಲವರು. ಮಾತು ಸರಿ, ಆದರೆ ಅವನು ಉತ್ತರಕ್ಕಿರುವ ಜೂನ್, ಜುಲೈನಲ್ಲೇ ಕರಾವಳಿ, ಮಲೆನಾಡಿನಲ್ಲಿ ಮುಗಿಲು ಮುಚ್ಚಿರುತ್ತದೆ. ಅಡಿಕೆ, ತೆಂಗಿನ ನೆರಳನ್ನೂ ಲೆಕ್ಕಕ್ಕೆ ತಗೊಳ್ಳಿ. ತೆಂಗಿನಮರದ ಬುಡದಲ್ಲಿ ಪ್ಯಾನೆಲ್ ಹಾಕಿದರೆ ನೆರಳಿಗಿಂತ ಕಾಯಿಗೇ ಹೆದರಬೇಕು.

ಇನ್ನೊಂದು ಎಚ್ಚರಿಕೆ. ಅಂದಕ್ಕಾಗಿ ಹಂಚಿಗೆ ಅಂಟಿಸಿದ ಹಾಗೆ ಕೂರಿಸಬೇಡಿ. ಪ್ಯಾನೆಲ್ಲಿಗೆ ಬೆಳಕು ಬೇಕು, ಶಾಖ ಬೇಡ. ಕಂಪನಿಯವರು ಹೇಳುವ ವ್ಯಾಟ್ 25 ಡಿಗ್ರಿ ಶಾಖಕ್ಕೆ ಲೆಕ್ಕ ಹಾಕಿದ್ದು. ಅಲ್ಲಿಂದ ಏರುವ ಪ್ರತಿ ಡಿಗ್ರಿಗೂ ನೂರಕ್ಕೆ 0.3ರಿಂದ 0.35ರಷ್ಟು ಇಳುವರಿ ಹೋಗುತ್ತದೆ. ಮಾರ್ಚ್ ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿ ದಾಟುತ್ತದೆ, ಅಂದರೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ನಷ್ಟ. ಕೆಳಗೆ ನಾಲ್ಕರಿಂದ ಆರು ಇಂಚು ಗಾಳಿಯಾಡಲು ಬಿಡಿ. ರಸ್ತೆಯಿಂದ ನೋಡಿದರೆ ಆ ಸಂದಿ ಗೊತ್ತೇ ಆಗೋದಿಲ್ಲ.

ಶೀಟಿನ ಚಾವಣಿ. ಇದು ಸುಲಭ. ಶೀಟಿನ ಉಬ್ಬಿನ ಮೇಲೆ ಚಿಕ್ಕ ರೈಲು ಕೂರಿಸಿ, ರಬ್ಬರ್ ಗ್ಯಾಸ್ಕೆಟ್ ಇಟ್ಟು ಬಿಗಿಯುತ್ತಾರೆ. ತಗ್ಗಿನಲ್ಲಿ ತೂತು ಹಾಕಿದರೆ ನೀರು ಇಳಿಯುತ್ತದೆ, ಅದೊಂದು ನೋಡಿಕೊಳ್ಳಿ. ಕಲ್ನಾರಿನ ಹಳೆ ಶೀಟಾದರೆ ಅದರ ಮೇಲೆ ಕಾಲಿಡೋದೇ ಅಪಾಯ. ಮೊದಲು ಬದಲಿಸಿ.

ಸೋಲಾರ್ ಹಂಚು. ಬಿಸಿಲನ್ನು ಕರೆಂಟ್ ಮಾಡುವ ಕೋಶಗಳು ಹಂಚಿನೊಳಗೇ ಇರುವಂಥದ್ದು, ಚಾವಣಿಯೂ ಅದೇ, ಕರೆಂಟೂ ಅದೇ. 2016ರಲ್ಲಿ ಟೆಸ್ಲಾ ತೋರಿಸಿದ ಮೇಲೆ ಎಲ್ಲರ ಬಾಯಲ್ಲೂ ಇದೇ ಮಾತು. ಅದೇ 2016ರಲ್ಲಿ ಅಮೆರಿಕದ ಡೌ ಕಂಪನಿ ತನ್ನ ಸೋಲಾರ್ ಹಂಚಿನ ವ್ಯಾಪಾರ ನಿಲ್ಲಿಸಿತು ಅನ್ನೋದು ಯಾರಿಗೂ ನೆನಪಿಲ್ಲ. ನನ್ನ ಅನುಮಾನ ಇರೋದೂ ಅಲ್ಲೇ. ಹತ್ತು ವರ್ಷದ ಮೇಲೆ ಒಂದು ಹಂಚು ಕೆಟ್ಟರೆ ಅದೇ ಅಳತೆಯದ್ದು ಎಲ್ಲಿ ತರುತ್ತೀರಿ? ಮಾಮೂಲಿ ಪ್ಯಾನೆಲ್ ಆದರೆ ಯಾವ ಕಂಪನಿಯದ್ದಾದರೂ ಹೊಂದಿಸಬಹುದು. ಸಣ್ಣ ಹಂಚುಗಳಲ್ಲಿ ವೈರಿನ ಜೋಡಣೆಗಳು ಹತ್ತಾರು ಪಟ್ಟು ಜಾಸ್ತಿ, ಸಡಿಲ ಜೋಡಣೆಯೇ ಬೆಂಕಿಯ ಮೂಲ. ಅಡಿಯಲ್ಲಿ ಗಾಳಿ ಆಡದೆ ಕಾವೂ ಜಾಸ್ತಿ.

ಹಾಗಂತ ಪೂರ್ತಿ ತಳ್ಳಿಹಾಕಬೇಕಿಲ್ಲ. ಹೊಸ ಮನೆ ಕಟ್ಟುತ್ತಿದ್ದು, ಚಾವಣಿ ಇನ್ನೂ ಹಾಕಿಲ್ಲ ಅಂದರೆ ಚಾವಣಿಯ ಖರ್ಚೂ ಇದರಲ್ಲೇ ಸೇರುವುದರಿಂದ ಲೆಕ್ಕ ಬದಲಾಗುತ್ತದೆ. ಹೈದರಾಬಾದ್‌ನ ವಿಸಾಕ ಇಂಡಸ್ಟ್ರೀಸ್ "ಆಟಮ್" ಹೆಸರಲ್ಲಿ ಸಿಮೆಂಟ್ ಬೋರ್ಡಿಗೆ ಸೌರ ಕೋಶ ಕೂಡಿಸಿದ ಚಾವಣಿ ಮಾರುತ್ತದೆ. ಕಾರಿನ ಶೆಡ್, ತಾರಸಿ ಮೇಲಿನ ಕೋಣೆಗೆ ಇಂಥದ್ದು ಒಪ್ಪುತ್ತದೆ.

ಪೋರ್ಟಿಕೊ, ಪರ್ಗೋಲಾ. ಎರಡೂ ಕಡೆ ಗಾಜಿರುವ ಪ್ಯಾನೆಲ್ ಸಿಗುತ್ತವೆ. ಕೋಶಗಳ ಸಂದಿಯಿಂದ ಬೆಳಕು ಚುಕ್ಕೆ ಚುಕ್ಕೆಯಾಗಿ ಕೆಳಗೆ ಬೀಳುತ್ತದೆ. ಪ್ಯಾನೆಲ್ ಮುಚ್ಚಿಡಲು ಜಾಗ ಇಲ್ಲದವರು ಹೀಗೆ ತೋರಿಸಿಯೇ ಚೆಂದ ಮಾಡಬಹುದು.

ಹಂತ 5: ಬಣ್ಣ

ನೀಲಿ ಮೈ, ಬೆಳ್ಳಿ ಚೌಕಟ್ಟು, ಬಿಳಿ ಗೆರೆ ಇದ್ದರೆ ಕಣ್ಣಿಗೆ ಹೊಡೆಯುತ್ತದೆ. ಒಂದೇ ಹರಳಿನ ಸಿಲಿಕಾನ್ ಕೋಶಗಳಿರುವ ಮೊನೊ ಪ್ಯಾನೆಲ್‌ಗಳ ಮೈ ಕಪ್ಪು. ಚೌಕಟ್ಟು, ಹಿಂದಿನ ಹಾಳೆ ಎರಡೂ ಕಪ್ಪಾಗಿರುವುದನ್ನು "ಆಲ್ ಬ್ಲ್ಯಾಕ್" ಅನ್ನುತ್ತಾರೆ. ಹಂಚಿನ ಮೇಲೆ ಇದು ಒಪ್ಪುತ್ತದೆ. ಸ್ವಲ್ಪ ಹೆಚ್ಚು ಕಾಯುತ್ತದೆ, ಅಷ್ಟೇ. ಗೋಡೆಯ ಹಿಂದೆ ಮರೆಯಾಗಿರುವ ತಾರಸಿಗೆ ಈ ದುಬಾರಿ ಯಾಕೆ? ಕೆಂಪು ಹಂಚಿನ ಬಣ್ಣದ ಪ್ಯಾನೆಲ್ ಕೇಳುವವರಿದ್ದಾರೆ. ಬಣ್ಣ ಅಂದರೆ ಒಳಗೆ ಹೋಗದೆ ವಾಪಸ್ ಬಂದ ಬೆಳಕು. ಆ ಬೆಳಕಿನಿಂದ ಕರೆಂಟ್ ಆಗೋದಿಲ್ಲ.

ಬಣ್ಣಕ್ಕಿಂತ ಜೋಡಣೆ ಮುಖ್ಯ. ಟ್ಯಾಂಕು ಬಳಸಿ ಎರಡು ಇಲ್ಲಿ, ಮೂರು ಅಲ್ಲಿ ಅಂತ ಚೆಲ್ಲಾಡಿದ ಹಾಗೆ ಹಾಕಬೇಡಿ. ಒಂದೇ ಆಯತ ಆಗಲಿ, ಅದರ ಅಂಚು ಚಾವಣಿಯ ಅಂಚಿಗೆ ನೇರ ಇರಲಿ.

ಹಂತ 6: ಪೈಪು, ಪೆಟ್ಟಿಗೆ, ಸಿಡಿಲಿನ ಕಂಬಿ

ನಮ್ಮ ಮನೆಯಲ್ಲಿ ಪ್ಯಾನೆಲ್ ಒಂದೂ ಕಾಣದ ಹಾಗೆ ಮಾಡಿಸಿ, ಕೊನೆಯ ದಿನ ನಾನು ಊರಲ್ಲಿರಲಿಲ್ಲ. ಬಂದು ನೋಡಿದರೆ ಎದುರು ಗೋಡೆಯ ಮೇಲೆ ಬಿಳಿ ಪೈಪು ಮೇಲಿಂದ ಕೆಳಗೆ ಇಳಿದಿತ್ತು. ನೀವು ಮೊದಲೇ ಗೋಡೆಯ ಮೇಲೆ ಪೆನ್ಸಿಲ್ಲಲ್ಲಿ ದಾರಿ ಗುರುತು ಮಾಡಿಕೊಡಿ. ಹಿಂಬದಿ, ಡಕ್ಟ್ ಅಥವಾ ಮಳೆನೀರಿನ ಪೈಪಿನ ಪಕ್ಕ. ಮನೆ ಕಟ್ಟುತ್ತಿರುವವರು ತಾರಸಿಯಿಂದ ಮೀಟರ್ ಬೋರ್ಡಿನವರೆಗೆ ಎರಡು ಖಾಲಿ ಪೈಪನ್ನು ಗೋಡೆಯೊಳಗೇ ಹೂತುಬಿಡಿ.

ಇನ್ವರ್ಟರ್, ಅಂದರೆ ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟಾಗಿ ಮಾಡುವ ಪೆಟ್ಟಿಗೆ. ಮೆಟ್ಟಿಲ ಕೋಣೆಯ ನೆರಳಲ್ಲಿ ಇಡಿ. ಮರೆಯಲ್ಲಿರಲಿ ಅಂತ ಬೀರುವಿನೊಳಗೆ ತುರುಕಿದರೆ ಕಾದು ಬಂದ್ ಆಗುತ್ತದೆ.

ಸಿಡಿಲು ತಡೆಯುವ ಕಂಬಿ ಎದ್ದು ಕಾಣುತ್ತದೆ, ನಿಜ. ಅದನ್ನು ಮಾತ್ರ ಅಂದದ ಹೆಸರಲ್ಲಿ ತೆಗೆಸಬೇಡಿ. ಅದಕ್ಕೆ ಬೇರೆಯೇ ಅರ್ಥಿಂಗ್ ಗುಂಡಿಯೂ ಇರಬೇಕು. ಪ್ಯಾನೆಲ್ಲಿನ ವೈರುಗಳ ಕನೆಕ್ಟರ್‌ಗಳು ಎರಡೂ ಬದಿ ಒಂದೇ ಕಂಪನಿಯದ್ದಾಗಿರಲಿ. ಬೇರೆ ಬೇರೆ ಕಂಪನಿಯವು ಕೂಡಿದ ಹಾಗೆ ಕಾಣುತ್ತವೆ, ಒಳಗೆ ಸಡಿಲ ಇದ್ದು ಕಾಯುತ್ತವೆ.

ಹಂತ 7: ಕಾಗದಪತ್ರ, ಸಹಾಯಧನ

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಮೂರು ಮತ್ತು ಅದಕ್ಕಿಂತ ಜಾಸ್ತಿಗೆ ಒಟ್ಟು 78,000ಕ್ಕೆ ಮಿತಿ. ಯೋಜನೆಯ ಪೋರ್ಟಲ್‌ನಲ್ಲಿ ನಿಮ್ಮ ಎಸ್ಕಾಂ ಆರಿಸಿ, ಬಿಲ್ಲಿನಲ್ಲಿರುವ ಖಾತೆ ಸಂಖ್ಯೆ ಕೊಟ್ಟು ನೋಂದಾಯಿಸಬೇಕು. ಅಲ್ಲಿ ಪಟ್ಟಿಯಲ್ಲಿರುವವರಿಂದಲೇ ಕೆಲಸ ಮಾಡಿಸಬೇಕು. ನೀವು ಲೈನಿಗೆ ಕೊಟ್ಟ ಕರೆಂಟು, ಲೈನಿನಿಂದ ಪಡೆದ ಕರೆಂಟು ಎರಡರ ಲೆಕ್ಕವನ್ನೂ ಇಡುವ ಮೀಟರ್, ಅಂದರೆ ನೆಟ್ ಮೀಟರ್, ಕೂತ ಮೇಲೆ ದುಡ್ಡು ಬ್ಯಾಂಕ್ ಖಾತೆಗೆ ಬರುತ್ತದೆ.

ಜನ ಎಡವುವ ಜಾಗ ಎರಡು. ಬಿಲ್ ತೀರಿಹೋದ ಅಪ್ಪನ ಹೆಸರಲ್ಲೋ ಹಳೇ ಮಾಲೀಕರ ಹೆಸರಲ್ಲೋ ಇರುತ್ತದೆ. ಹೆಸರು ಬದಲಾವಣೆ ಮೊದಲು ಮಾಡಿಸಿ. ಎರಡನೆಯದು, ಸಹಾಯಧನಕ್ಕೆ ಕೋಶ, ಪ್ಯಾನೆಲ್ ಎರಡೂ ಭಾರತದಲ್ಲೇ ತಯಾರಾಗಿರಬೇಕು. ಇದಕ್ಕೆ ಡಿಸಿಆರ್ ಅನ್ನುತ್ತಾರೆ. ಚೆಂದದ ಕಪ್ಪು ಪ್ಯಾನೆಲ್ಲೋ ವಿದೇಶಿ ಹಂಚೋ ಆರಿಸುವ ಮುಂಚೆ ಅದು ಡಿಸಿಆರ್ ಹೌದಾ ಅಂತ ಬರಹದಲ್ಲಿ ತಗೊಳ್ಳಿ. ಇಲ್ಲದಿದ್ದರೆ 78,000 ಹೋಯಿತು.

ಬ್ಯಾಟರಿ ಇಲ್ಲದ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನಿನಲ್ಲಿ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಹೀಗೆ. ಆಗಲೂ ದೀಪ ಉರಿಯಬೇಕಾದರೆ ಬ್ಯಾಟರಿ ಜತೆಗಿನ ಹೈಬ್ರಿಡ್ ಇನ್ವರ್ಟರ್ ಕೇಳಿ. ಹಾಕಿಸಿ ಆದ ಮೇಲೆ ಇದು ಗೊತ್ತಾಗಿ ಬೇಜಾರು ಮಾಡಿಕೊಂಡವರು ಬಹಳ.

ಹಂತ 8: ಹಾಕಿಸಿದ ಮೇಲೆ

ತಗ್ಗಿನ ಪ್ಯಾನೆಲ್ಲಿನ ಕೆಳಗೆ ಪಾರಿವಾಳ ಗೂಡು ಕಟ್ಟುತ್ತದೆ, ಇಲಿ ವೈರು ಕಡಿಯುತ್ತದೆ. ಸುತ್ತಲೂ ಕಪ್ಪು ಬಣ್ಣದ ತಂತಿ ಜಾಲರಿ ಕಟ್ಟಿಸಿ. ಗಾಳಿಯೂ ಆಡುತ್ತದೆ, ಅಡಿಯ ಕಂಬಿಗಳೂ ಮರೆಯಾಗುತ್ತವೆ. ಕಸ ತೆಗೆಯಲು ಒಂದು ಬದಿ ಬಿಚ್ಚುವ ಹಾಗಿರಲಿ.

ಹದಿನೈದು ದಿನಕ್ಕೊಮ್ಮೆ ತೊಳೆಯಿರಿ, ಬಿಸಿಲೇರುವ ಮೊದಲು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಬೋರ್‌ವೆಲ್ ನೀರಾದರೆ ಹಾಗೇ ಒಣಗಲು ಬಿಡಬೇಡಿ, ಬಿಳಿ ಕಲೆ ಕೂತರೆ ಉಜ್ಜಿದರೂ ಹೋಗೋದಿಲ್ಲ. ವೈಪರ್‌ನಲ್ಲಿ ಎಳೆದುಬಿಡಿ. ಸಾಧ್ಯವಾದರೆ ಮಳೆನೀರು ಬಳಸಿ. ಹಂಚಿನ ಮನೆಯವರು ಮೇಲೆ ಹತ್ತೋದು ಬೇಡ, ಕೆಳಗಿನಿಂದಲೇ ಪೈಪಿನಲ್ಲಿ ನೀರು ಹಾಯಿಸಿ. ಯೋಜನೆಯಡಿ ಹಾಕಿದವರು ಐದು ವರ್ಷ ನಿರ್ವಹಣೆ ಮಾಡಿಕೊಡಬೇಕು, ಕರೆಯಲು ಸಂಕೋಚ ಬೇಡ.

ಇನ್ವರ್ಟರ್‌ನ ಆ್ಯಪ್ ಫೋನಿನಲ್ಲಿರಲಿ. ಮೋಡವಿಲ್ಲದ ಮಾರ್ಚ್ ದಿನದಲ್ಲಿ 3 ಕಿಲೋವ್ಯಾಟ್ 12 ಯೂನಿಟ್‌ಗಿಂತ ಕಡಿಮೆ ತೋರಿಸಿದರೆ ಮೊದಲು ಗಾಜಿನ ಮೇಲೆ ಬೆರಳಾಡಿಸಿ ದೂಳು ನೋಡಿ. ದೂಳಿಲ್ಲ ಅಂದರೆ ತಾರಸಿಯಲ್ಲಿ ನಿಂತು ಸುತ್ತ ಕಣ್ಣಾಡಿಸಿ. ಪಕ್ಕದ ಮನೆಯವರು ಹೊಸ ಟ್ಯಾಂಕ್ ಕೂರಿಸಿರುತ್ತಾರೆ.